ಮುಪ್ಪಿನ ವಿದ್ಯೆಯೂ ಸಹಪಾಠಿಗಳೂ

ವಿದ್ಯೆಯನ್ನು ಸಂಪಾದಿಸುವುದಕ್ಕೆ ಬಾಲ್ಯವೂ, ಅದನ್ನು ಉಪಯೋಗಿಸುವುದಕ್ಕೆ ಯೌವನವೂ, ಮರೆಯುವುದಕ್ಕೆ ಮುಪ್ಪೂ ಕಾಲವೆಂಬ ಭಾವನೆಯೊಂದು ಲೋಕದಲ್ಲಿ ಬೇರೂರಿದೆ. ಎಂಟು ವರುಷದ ಹುಡುಗನು ಪುಸ್ತಕವನ್ನು ಹಿಡಿದು ಕುಳಿತರೆ ಮನೆಯವರಿಗೆ ಸಂತೋಷವಾಗುವುದು. ಇಪ್ಪತ್ತೈದು ವರುಷದ ತರುಣನು ಕುಳಿತರೆ ಯಾವುದೋ ಪರೀಕ್ಷೆ ಸಮೀಪಿಸಿರಬೇಕೆಂದು ಊಹಿಸುವರು. ಎಪ್ಪತ್ತು ವರುಷದ ವೃದ್ಧರೊಬ್ಬರು ಹೊಸದಾಗಿ ಒಂದು ಭಾಷೆಯ ವ್ಯಾಕರಣವನ್ನು ತೆರೆದು ಕುಳಿತರೆ ಮಾತ್ರ, "ಈ ವಯಸ್ಸಿನಲ್ಲಿ ಇದೆಲ್ಲ ಏತಕ್ಕೆ?" ಎಂದು ಕೇಳದವರು ವಿರಳ.

ಹೀಗೆ ಕೇಳುವವರಲ್ಲಿ ಕುಚೋದ್ಯವೇನೂ ಇಲ್ಲ. ವಿದ್ಯೆಯನ್ನು ಹೊಟ್ಟೆಯ ಪಾಡಿಗೆ ಗಂಟುಹಾಕಿ ಬಹುಕಾಲವಾಯಿತು. ಓದಿದರೆ ಪರೀಕ್ಷೆ, ಪರೀಕ್ಷೆಯಿಂದ ಉದ್ಯೋಗ, ಉದ್ಯೋಗದಿಂದ ಸಂಬಳ, ಸಂಬಳದ ಕೊನೆಗೆ ಪಿಂಚಣಿ, ಹೀಗೆ ಒಂದರ ಹಿಂದೊಂದು ಬರುವ ಸರಪಣಿಯಲ್ಲಿ ಕಟ್ಟಕಡೆಯ ಕೊಂಡಿ ಕೈಗೆ ಬಂದ ಮೇಲೆ, ಮತ್ತೆ ಮೊದಲನೆಯ ಕೊಂಡಿಯನ್ನು ಹಿಡಿಯುವುದು ಅರ್ಥವಿಲ್ಲದ ಕೆಲಸದಂತೆ ಕಾಣುವುದು ಸಹಜವೇ. ಆದರೆ ಸರಪಣಿ ಕಳಚಿದ ಮೇಲೆಯೇ ಮನುಷ್ಯನು ತನ್ನ ಇಷ್ಟದಂತೆ ಕಲಿಯಲು ಸ್ವತಂತ್ರನಾಗುವನೆಂಬುದನ್ನೂ ವಿಚಾರಿಸಿ ನೋಡಬೇಕಾಗಿದೆ. ಫಲದ ಆಸೆಯಿಲ್ಲದೆ ಮಾಡುವ ಕರ್ಮವನ್ನು ಕೊಂಡಾಡುವ ದೇಶದಲ್ಲಿ, ಫಲದ ಆಸೆಯಿಲ್ಲದೆ ಮಾಡುವ ಅಧ್ಯಯನವನ್ನು ಕಂಡು ನಗುವುದು ಅಷ್ಟೇನೂ ಉಚಿತವಲ್ಲ.

ಮುಪ್ಪಿನಲ್ಲಿ ಕಲಿತವರ ಉದಾಹರಣೆಗಳು ಪ್ರಾಚೀನವಾಗಿಯೂ ಇವೆ, ಅರ್ವಾಚೀನವಾಗಿಯೂ ಇವೆ. ರೋಮನರಲ್ಲಿ ಕಟು ಸ್ವಭಾವಕ್ಕೆ ಹೆಸರಾದ ಕೇಟೋ ಎಂಬಾತನು ವೃದ್ಧಾಪ್ಯದಲ್ಲಿ ಗ್ರೀಕ್ ಸಾಹಿತ್ಯವನ್ನು ಅಭ್ಯಾಸಮಾಡಿದನೆಂಬ ವಾರ್ತೆಯನ್ನು ಸಿಸೆರೋ ತನ್ನ ವಾರ್ಧಕ್ಯವಿಚಾರದ ಗ್ರಂಥದಲ್ಲಿ ಬಳಸಿಕೊಂಡಿದ್ದಾನೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗಾಂಧೀಜಿಯವರು 1946ರ ಕೊನೆಯಲ್ಲಿ ನೌಖಾಲಿಯ ಹಳ್ಳಿಗಳಲ್ಲಿ ಸಂಚರಿಸುತ್ತಿದ್ದಾಗ ಆ ಜನರ ಭಾಷೆಯನ್ನು ತಿಳಿಯಬೇಕೆಂದು ಬಂಗಾಳಿ ಅಕ್ಷರಗಳನ್ನು ತಿದ್ದಲು ಆರಂಭಿಸಿದರು. ಆಗ ಅವರಿಗೆ ಎಪ್ಪತ್ತೇಳು ವರುಷ. ದೇಶವು ಎರಡಾಗಿ, ಬೆಂಕಿ ಹೊತ್ತಿ, ಅವರ ಒಂದೊಂದು ಗಂಟೆಗೂ ನೂರು ಜನ ಕಾದಿದ್ದ ಆ ದಿನಗಳಲ್ಲಿಯೂ ಬಂಗಾಳಿಯ ಪಾಠವು ತಪ್ಪಲಿಲ್ಲ. 1948ನೆಯ ಜನವರಿ 30ನೆಯ ತಾರೀಖಿನ ಬೆಳಗ್ಗೆಯೂ ಅವರು ಎಂದಿನಂತೆ ತಮ್ಮ ಬಂಗಾಳಿ ಬರವಣಿಗೆಯನ್ನು ಮುಗಿಸಿದ್ದರು. ಆ ಪಾಠದಿಂದ ಅವರಿಗೆ ಬಂದ ಪ್ರಯೋಜನವೇನೆಂದು ಲೆಕ್ಕ ಹಾಕುವವರಿಗೆ ಸೊನ್ನೆಯಲ್ಲದೆ ಬೇರೇನೂ ದೊರೆಯದು. ಲೆಕ್ಕವನ್ನು ಬದಿಗಿಟ್ಟು ನೋಡುವವರಿಗೆ, ಕೊನೆಯ ಬೆಳಗಿನವರೆಗೂ ವಿದ್ಯಾರ್ಥಿಯಾಗಿದ್ದ ಒಬ್ಬ ವೃದ್ಧರು ಕಾಣುವರು.

ಆದ್ದರಿಂದ ಮುಪ್ಪಿನಲ್ಲಿ ಕಲಿಯಬಹುದೇ ಎಂಬ ಪ್ರಶ್ನೆಗೆ ಉತ್ತರವು ಸಿದ್ಧವಾಗಿಯೇ ಇದೆ. ಹೊಸ ಹೆಸರುಗಳು ಬೇಗನೆ ನೆನಪಿನಲ್ಲಿ ನಿಲ್ಲವು, ಕಣ್ಣು ಬೇಗ ದಣಿಯುವುದು, ನಿಜ. ಆದರೆ ಶಬ್ದಸಂಪತ್ತು, ಲೋಕಾನುಭವ, ಒಂದು ವಿಷಯವನ್ನು ಮತ್ತೊಂದರ ಪಕ್ಕದಲ್ಲಿಟ್ಟು ತೂಗುವ ಶಕ್ತಿ ಇವು ವಯಸ್ಸಿನೊಡನೆ ಉಳಿದು ಬರುತ್ತವೆ. ಪ್ರಶ್ನೆಯಿರುವುದು ಹೇಗೆ ಕಲಿಯಬೇಕು, ಯಾರೊಡನೆ ಕಲಿಯಬೇಕು ಎಂಬುದರಲ್ಲಿ. ಇದಕ್ಕೆ ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರೆಲ್ಲರ ಕಿವಿಯಲ್ಲಿರುವ ಒಂದು ಹಳೆಯ ವಿಭಾಗವು ಒಳ್ಳೆಯ ದೀಪವಾಗುತ್ತದೆ. ವಿದ್ಯೆಗೆ ನಾಲ್ಕು ಪಾಲುಗಳೆಂದು ಹಿರಿಯರು ಎಣಿಸಿದರು. ಅವುಗಳಲ್ಲಿ ಒಂದು ಪಾಲು ಗುರುವಿನಿಂದ, ಒಂದು ಪಾಲು ಶಿಷ್ಯನ ಸ್ವಂತ ಬುದ್ಧಿಯಿಂದ, ಒಂದು ಪಾಲು ಜೊತೆಯಲ್ಲಿ ಓದುವವರಿಂದ, ಉಳಿದ ಒಂದು ಪಾಲು ಕಾಲಕ್ರಮದಿಂದ ಬರತಕ್ಕದ್ದು.

ಈ ವಿಭಾಗವನ್ನು ಬಾಲಕನಿಗೆ ಹೇಳುವಾಗ ಕಾಲದ ಪಾಲನ್ನು ಸಮಾಧಾನದ ಮಾತಾಗಿ ಹೇಳುವುದುಂಟು: ಈಗ ಅರ್ಥವಾಗದಿದ್ದರೆ ಮುಂದೆ ಆದೀತು ಎಂದು. ವೃದ್ಧ ವಿದ್ಯಾರ್ಥಿಯ ಸ್ಥಿತಿಯು ಇದಕ್ಕೆ ವಿಪರೀತವಾದುದು. ಕಾಲವು ಕೊಡತಕ್ಕ ಪಾಲಿನಲ್ಲಿ ಬಹುಭಾಗವನ್ನು ಆತನು ಮೊದಲೇ ಪಡೆದು ಬಂದಿರುತ್ತಾನೆ. ಹದಿನೈದನೆಯ ವಯಸ್ಸಿನಲ್ಲಿ ಬಾಯಿಪಾಠವಾಗಿದ್ದ ಶೋಕಪ್ರಸಂಗವು ಅರವತ್ತೈದರಲ್ಲಿ ಅರ್ಥವಾಗುವುದು. ಸ್ವಂತ ಬುದ್ಧಿಯ ಪಾಲೂ ಆತನಲ್ಲಿಯೇ ಇದೆ. ಉಳಿದವು ಗುರುವಿನ ಪಾಲು ಮತ್ತು ಸಹಪಾಠಿಗಳ ಪಾಲು. ಇವೆರಡನ್ನು ಮುಪ್ಪಿನ ಮನೆಯೊಳಕ್ಕೆ ತರುವುದು ಹೇಗೆ ಎಂಬುದೇ ಕಳೆದ ಅರ್ಧ ಶತಮಾನದಿಂದ ಅನೇಕ ದೇಶಗಳಲ್ಲಿ ನಡೆದಿರುವ ಪ್ರಯತ್ನದ ಸಾರಾಂಶವೆನ್ನಬಹುದು.

ಆ ಪ್ರಯತ್ನದ ಚರಿತ್ರೆಯನ್ನು ಸ್ವಲ್ಪದಲ್ಲಿ ತಿಳಿಯುವುದು ಅವಶ್ಯಕ. ಫ್ರಾನ್ಸ್ ದೇಶದ ತೂಲೂಸ್ ನಗರದಲ್ಲಿ ಪಿಯರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು 1973ನೆಯ ಇಸವಿಯಲ್ಲಿ ವೃದ್ಧರಿಗಾಗಿ ಒಂದು ವಿದ್ಯಾಕೇಂದ್ರವನ್ನು ತೆರೆದು ಅದಕ್ಕೆ ತೃತೀಯ ವಯಸ್ಸಿನ ವಿಶ್ವವಿದ್ಯಾನಿಲಯವೆಂದು ಹೆಸರಿಟ್ಟರು. ಬಾಲ್ಯವು ಮೊದಲನೆಯ ವಯಸ್ಸು, ದುಡಿಮೆಯ ಕಾಲವು ಎರಡನೆಯದು, ದುಡಿಮೆ ಮುಗಿದ ಮೇಲಿನ ಸ್ವತಂತ್ರವಾದ ಕಾಲವು ಮೂರನೆಯದು. ವಿಶ್ವವಿದ್ಯಾನಿಲಯದ ಪಂಡಿತರು ಉಪನ್ಯಾಸ ಮಾಡುವುದು, ವೃದ್ಧರು ಬಂದು ಕೇಳುವುದು, ಇದು ಅಲ್ಲಿಯ ಪದ್ಧತಿಯಾಯಿತು. ಕೆಲವು ವರುಷಗಳಲ್ಲಿ ಈ ವಿಚಾರವು ಇಂಗ್ಲೆಂಡಿಗೆ ಬಂದಿತು. ಕೇಂಬ್ರಿಜ್ಜಿನ ಇತಿಹಾಸಕಾರರಾದ ಪೀಟರ್ ಲ್ಯಾಸ್ಲೆಟ್, ಸಮಾಜಶಾಸ್ತ್ರಜ್ಞರಾದ ಮೈಕೇಲ್ ಯಂಗ್, ಶಿಕ್ಷಣವೇತ್ತರಾದ ಎರಿಕ್ ಮಿಡ್‌ವಿಂಟರ್ ಈ ಮೂವರು ಸೇರಿ 1982ರ ವೇಳೆಗೆ ಅದನ್ನು ಅಲ್ಲಿ ನೆಲೆಗೊಳಿಸಿದರು. ಆದರೆ ಹೆಸರನ್ನು ಉಳಿಸಿಕೊಂಡು ಪದ್ಧತಿಯನ್ನು ಬದಲಾಯಿಸಿದರು. ಹೊರಗಿನ ಪಂಡಿತರನ್ನು ಕಾಯುವುದೇತಕ್ಕೆ? ಸದಸ್ಯರಲ್ಲಿಯೇ ಒಬ್ಬರು ಎಂಜಿನಿಯರಾಗಿದ್ದವರು, ಮತ್ತೊಬ್ಬರು ದಾದಿಯಾಗಿದ್ದವರು, ಇನ್ನೊಬ್ಬರು ತೋಟಗಾರಿಕೆಯನ್ನು ಬಲ್ಲವರು. ಇಂದು ಕಲಿಸಿದವರು ನಾಳೆ ಮತ್ತೊಂದು ಕೋಣೆಯಲ್ಲಿ ಕಲಿಯಲು ಕುಳಿತುಕೊಳ್ಳಲಿ ಎಂಬುದು ಅವರ ನಿಯಮ. ಪರೀಕ್ಷೆಯಿಲ್ಲ, ಪ್ರವೇಶಕ್ಕೆ ಯಾವ ಅರ್ಹತೆಯೂ ಬೇಡ, ಕೊನೆಗೆ ಪದವಿಯೂ ಇಲ್ಲ. ಈಗ ಆ ದೇಶದಲ್ಲಿ ಇಂಥ ಸಂಘಗಳು ಸಾವಿರದಷ್ಟಿವೆ.

ಲ್ಯಾಸ್ಲೆಟ್ಟರು 1989ರಲ್ಲಿ ಜೀವನದ ಹೊಸ ಭೂಪಟವೆಂಬರ್ಥದ ಹೆಸರಿನ ಗ್ರಂಥವೊಂದನ್ನು ಪ್ರಕಟಿಸಿ, ಆಯುಸ್ಸನ್ನು ನಾಲ್ಕು ವಯಸ್ಸುಗಳಾಗಿ ಭಾಗಿಸಿ, ಮೂರನೆಯದನ್ನು ಆತ್ಮಪೂರ್ಣತೆಯ ಕಾಲವೆಂದು ಕರೆದರು. ಭಾರತೀಯ ವಾಚಕರಿಗೆ ಇದರಿಂದ ನಾಲ್ಕು ಆಶ್ರಮಗಳ ನೆನಪು ಬಾರದೆ ಇರದು. ಗೃಹಸ್ಥಾಶ್ರಮದ ಭಾರವನ್ನು ಮಕ್ಕಳಿಗೆ ಒಪ್ಪಿಸಿ ವನಕ್ಕೆ ತೆರಳುವವನ ಸ್ಥಾನವು ಇಲ್ಲಿಯೂ ಮೂರನೆಯದೇ. ವೇದಸಾಹಿತ್ಯದಲ್ಲಿ ಅರಣ್ಯದಲ್ಲಿ ಅಧ್ಯಯನಮಾಡತಕ್ಕ ಆರಣ್ಯಕಗಳೆಂಬ ಒಂದು ಭಾಗವೇ ಇರುವುದರಿಂದ, ಊರನ್ನು ಬಿಟ್ಟಮಾತ್ರಕ್ಕೆ ಓದನ್ನೂ ಬಿಡಬೇಕೆಂದು ಪ್ರಾಚೀನರು ಎಣಿಸಿರಲಿಲ್ಲವೆಂಬುದು ಸ್ಪಷ್ಟ. ಇಂದಿನ ವೃದ್ಧರಿಗೆ ಹೋಗತಕ್ಕ ಅರಣ್ಯವಿಲ್ಲ. ಅನೇಕರಿಗೆ ನಾಲ್ಕನೆಯ ಅಂತಸ್ತಿನ ಒಂದು ಕೋಣೆಯೇ ಅರಣ್ಯವಾಗಿದೆ.

ಅಮೆರಿಕದಲ್ಲಿ ಈ ಕಾರ್ಯವು ಇನ್ನೂ ಮೊದಲೇ ಆರಂಭವಾಗಿತ್ತು. 1878ರಲ್ಲಿಯೇ ನ್ಯೂಯಾರ್ಕ್ ಸಂಸ್ಥಾನದ ಶಟಾಕ್ವಾ ಎಂಬ ಸರೋವರತೀರದ ಸಂಸ್ಥೆಯು ದೂರದ ಹಳ್ಳಿಗಳವರಿಗೆ ನಾಲ್ಕು ವರುಷಗಳ ಗೃಹಪಠನಕ್ರಮವೊಂದನ್ನು ಏರ್ಪಡಿಸಿತು. ಪುಸ್ತಕಗಳ ಪಟ್ಟಿಯು ಎಲ್ಲರಿಗೂ ಒಂದೇ; ಆದರೆ ಒಂದು ಊರಿನಲ್ಲಿ ಓದುವವರು ಒಬ್ಬರ ಮನೆಯಲ್ಲಿ ಸೇರಿ ಮಂಡಲಿ ಕಟ್ಟಿಕೊಂಡು ಚರ್ಚಿಸುವ ವಾಡಿಕೆಯು ಅದರೊಡನೆ ಬೆಳೆಯಿತು. 1962ರಲ್ಲಿ ನ್ಯೂಯಾರ್ಕ್ ನಗರದ ನಿವೃತ್ತ ಉಪಾಧ್ಯಾಯರು ಅಲ್ಲಿಯ ನ್ಯೂ ಸ್ಕೂಲ್ ಎಂಬ ವಿದ್ಯಾಸಂಸ್ಥೆಯ ಆಶ್ರಯದಲ್ಲಿ, ತಾವೇ ಪಾಠ ಹೇಳಿ ತಾವೇ ಕೇಳುವ ಒಂದು ಕೂಟವನ್ನು ಸ್ಥಾಪಿಸಿದರು. 1975ರಲ್ಲಿ ನ್ಯೂಹ್ಯಾಂಪ್‌ಷೈರಿನ ಕಾಲೇಜುಗಳು ಬೇಸಗೆಯಲ್ಲಿ ಬರಿದಾಗಿರುತ್ತಿದ್ದ ವಿದ್ಯಾರ್ಥಿನಿಲಯಗಳಲ್ಲಿ ವೃದ್ಧರಿಗೆ ವಾಸವನ್ನೂ ಪಾಠವನ್ನೂ ಒದಗಿಸಿದವು. 2001ರಿಂದ ಬರ್ನಾರ್ಡ್ ಓಷರ್ ಎಂಬ ದಾನಿಗಳ ನಿಧಿಯು, ಮೊದಲು ದಕ್ಷಿಣ ಮೈನ್ ವಿಶ್ವವಿದ್ಯಾನಿಲಯಕ್ಕೂ ಕ್ರಮೇಣ ಇತರ ವಿಶ್ವವಿದ್ಯಾನಿಲಯಗಳಿಗೂ ಧನಸಹಾಯಮಾಡಿ, ಐವತ್ತು ದಾಟಿದವರ ವಿದ್ಯಾಕೇಂದ್ರಗಳನ್ನು ಬೆಳೆಸಿತು. ಇಂಥವು ಈಗ 120ಕ್ಕೂ ಹೆಚ್ಚು. ಕೆಲವು ವಾರಗಳಲ್ಲಿ ಮುಗಿಯುವ ಸಣ್ಣ ಸಣ್ಣ ಪಾಠಕ್ರಮಗಳು, ಅಂಕಗಳಿಲ್ಲ, ಪರೀಕ್ಷೆಯಿಲ್ಲ.

ಇವೆಲ್ಲವೂ ಕಾಲಿನಿಂದ ನಡೆದು ಹೋಗಬಲ್ಲವರ ಶಾಲೆಗಳು. ಮೆಟ್ಟಲು ಹತ್ತಲಾರದವರ ಪಾಡೇನು? ಈ ಪ್ರಶ್ನೆಯನ್ನು ಮೊದಲು ಮನಸ್ಸಿಗೆ ತಂದುಕೊಂಡವರಲ್ಲಿ ಆಸ್ಟ್ರೇಲಿಯದವರು ಗಣ್ಯರು. ಊರಿಗೂ ಊರಿಗೂ ನೂರಾರು ಮೈಲಿಗಳ ಅಂತರವುಳ್ಳ ಆ ದೇಶದಲ್ಲಿ, ವಿಶ್ವಸಂಸ್ಥೆಯು ವೃದ್ಧರ ವರ್ಷವೆಂದು ಸಾರಿದ 1999ರ ಸುಮಾರಿಗೆ, ಗ್ರಿಫಿತ್ ವಿಶ್ವವಿದ್ಯಾನಿಲಯದ ನೆರವಿನಿಂದ ಇಂಟರ್ನೆಟ್ಟಿನ ಮೂಲಕ ಪಾಠಗಳು ಆರಂಭವಾದವು. ರೋಗದಿಂದಲೋ ದೂರದಿಂದಲೋ ಒಂಟಿಯಾದವರೇ ಅದರ ಮುಖ್ಯ ವಿದ್ಯಾರ್ಥಿಗಳು. ಆದರೂ ಇಪ್ಪತ್ತು ವರುಷಗಳವರೆಗೆ ಇದು ಮೂಲೆಯ ಕೆಲಸವಾಗಿಯೇ ಉಳಿಯಿತು. 2020ನೆಯ ಇಸವಿಯ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯು ಲೋಕವನ್ನೆಲ್ಲ ಬಾಗಿಲು ಮುಚ್ಚಿಸಿದಾಗ, ಎಲ್ಲರಿಗಿಂತಲೂ ಬಿಗಿಯಾಗಿ ಮನೆಯೊಳಗೆ ಇರಬೇಕಾದವರು ವೃದ್ಧರೇ ಆದುದರಿಂದ, ಮೇಲೆ ಹೇಳಿದ ಸಂಘಗಳೂ ಕೇಂದ್ರಗಳೂ ಕೆಲವೇ ವಾರಗಳಲ್ಲಿ ತಮ್ಮ ತರಗತಿಗಳನ್ನು ಜೂಮ್ ಮೊದಲಾದ ಸಾಧನಗಳಿಗೆ ಸಾಗಿಸಿದವು. ಎಂಬತ್ತು ವರುಷದವರು ಈ ಯಂತ್ರವನ್ನು ಕಲಿಯಲಾರರೆಂದು ಎಣಿಸಿದ್ದವರ ಊಹೆ ಆ ಬೇಸಗೆಯಲ್ಲಿ ಸುಳ್ಳಾಯಿತು.

ಈ ಆನ್‌ಲೈನ್ ತರಗತಿಯ ಸ್ವರೂಪವನ್ನು ಕಂಡವರಿಗೆ ವರ್ಣಿಸಬೇಕಾಗಿಲ್ಲ. ಕಾಣದವರಿಗೆ ಇಷ್ಟು ಹೇಳಿದರೆ ಸಾಕು. ಗೊತ್ತಾದ ವೇಳೆಗೆ ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಒಂದು ಕೊಂಡಿಯನ್ನು ಒತ್ತಿದರೆ, ಚದುರಂಗದ ಹಲಗೆಯಂತೆ ಚೌಕಚೌಕವಾಗಿ ಮುಖಗಳು ಮೂಡುತ್ತವೆ. ಒಂದು ಚೌಕದಲ್ಲಿ ಮುಖದ ಬದಲು ಹಣೆ ಮಾತ್ರ, ಒಂದರಲ್ಲಿ ತಿರುಗುತ್ತಿರುವ ಪಂಖ, ಮತ್ತೊಂದರಲ್ಲಿ ಹಿಂದೆ ಕಾಫಿಯ ಲೋಟವನ್ನು ಹಿಡಿದು ನಿಂತ ಸೊಸೆ. ಎಲ್ಲರ ಮನೆಯ ಸದ್ದೂ ಒಟ್ಟಿಗೆ ಕೇಳಬಾರದೆಂದು ಮಾತನಾಡದವರ ಧ್ವನಿಯನ್ನು ಮುಚ್ಚಿಡುವರು. ಮಾತನಾಡುವಾಗ ಅದನ್ನು ತೆರೆಯುವುದು ಮರೆತುಹೋಗುವುದು ಸಾಮಾನ್ಯ. ವೃದ್ಧೆಯೊಬ್ಬರು ಐದು ನಿಮಿಷ ಸೊಗಸಾಗಿ ಒಂದು ಪ್ರಸಂಗವನ್ನು ವಿವರಿಸಿ ಮುಗಿಸಿದ ಮೇಲೆ, "ಅಜ್ಜೀ, ನೀನು ಮ್ಯೂಟಿನಲ್ಲಿದ್ದೆ, ಯಾರಿಗೂ ಕೇಳಲಿಲ್ಲ" ಎಂದು ಮೊಮ್ಮಗಳು ಹೇಳುವುದೂ, "ಅಯ್ಯೋ, ಇಷ್ಟು ಹೊತ್ತೂ ಗೋಡೆಗೆ ಹೇಳಿದೆನೇನೇ!" ಎಂದು ಅಜ್ಜಿ ನಗುವುದೂ ಈಗ ಅನೇಕ ಮನೆಗಳ ಅನುಭವ. ನಗು ಮುಗಿದ ಮೇಲೆ ಆಕೆ ಅದನ್ನು ಮೊದಲಿನಿಂದ ಮತ್ತೆ ಹೇಳುವರು. ಎರಡನೆಯ ಸಲ ಇನ್ನೂ ಚೆನ್ನಾಗಿ ಬರುವುದೂ ಉಂಟು.

ಈ ಸಾಧನದಿಂದ ಆಗುವ ಉಪಕಾರಗಳು ಸಾಮಾನ್ಯವಾದುವಲ್ಲ. ವಯಸ್ಸಾದವರ ಕಿವಿಯಲ್ಲಿ ಮೊದಲು ಕುಂದುವುದು ಸಕಾರ ಶಕಾರಗಳಂಥ ಸಣ್ಣ ಕೀಚುಧ್ವನಿಗಳ ಗ್ರಹಣಶಕ್ತಿ. ಆದುದರಿಂದ ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತ ವೃದ್ಧರಿಗೆ ಮಾತು ಕೇಳಿಸಿದರೂ ಶಬ್ದಗಳು ಬೇರೆಬೇರೆಯಾಗಿ ತಿಳಿಯವು. ಇಲ್ಲಿಯಾದರೋ ಕಿವಿಗೆ ಶ್ರವಣಯಂತ್ರವಿಟ್ಟು ಧ್ವನಿಯನ್ನು ಬೇಕಾದಷ್ಟು ಏರಿಸಬಹುದು. ಅಕ್ಷರಗಳನ್ನು ಹೆಬ್ಬೆರಳಿನಷ್ಟು ದಪ್ಪಮಾಡಿಕೊಳ್ಳಬಹುದು. ಧ್ವನಿಮುದ್ರಿಕೆ ಇಟ್ಟಿದ್ದರೆ ತಪ್ಪಿಹೋದ ಮಾತನ್ನು, ಗುರುಗಳಿಗೆ ಬೇಸರವಾದೀತೆಂಬ ಸಂಕೋಚವಿಲ್ಲದೆ, ಮೂರು ಸಲ ಕೇಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರಿಗೂ, ಹಾಸಿಗೆ ಹಿಡಿದ ಪತಿಯನ್ನು ಅರ್ಧ ಗಂಟೆಯೂ ಬಿಟ್ಟು ಹೊರಡಲಾರದ ಗೃಹಿಣಿಗೂ ವಿದ್ಯೆಯ ಬಾಗಿಲು ತೆರೆದಂತಾಯಿತು. ವ್ಯಾಧಿಯ ಭಯವು ಕಳೆದು ಸಭಾಂಗಣಗಳು ಪುನಃ ತೆರೆದಾಗ ಈ ಪಾಠಗಳನ್ನು ನಿಲ್ಲಿಸಬೇಕೇ ಎಂಬ ಚರ್ಚೆ ಹುಟ್ಟಿತು. ನಿಲ್ಲಿಸಿದ್ದರೆ ಇಂಥವರು ಒಂದು ಸಲ ತೆರೆದ ಬಾಗಿಲು ಮತ್ತೆ ಮುಚ್ಚುವುದನ್ನು ಕಾಣಬೇಕಾಗಿತ್ತು. ಹಲವು ಸಂಸ್ಥೆಗಳು ಎರಡು ಬಗೆಯ ತರಗತಿಗಳನ್ನೂ ಉಳಿಸಿಕೊಂಡುದು ಸ್ತುತ್ಯವಾದ ಕಾರ್ಯ.

ಕನ್ನಡಿಗರ ಮನೆಗಳಿಗೂ ಈ ವಿಷಯಕ್ಕೂ ಹತ್ತಿರದ ಸಂಬಂಧವಿದೆ. ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿ, ಮೊಮ್ಮಕ್ಕಳ ಪಾಲನೆಗಾಗಿ ಆರು ತಿಂಗಳು ಅಲ್ಲಿಗೆ ಹೋಗಿ ಇರುವ ತಂದೆತಾಯಿಗಳನ್ನು ಮನಸ್ಸಿಗೆ ತಂದುಕೊಳ್ಳಬಹುದು. ಚಳಿಗಾಲ; ಹೊರಗೆ ಹಿಮ. ಎಂಟು ಗಂಟೆಗೆ ಎಲ್ಲರೂ ಹೊರಟುಹೋದ ಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ. ಅಂಗಡಿಗೆ ಹೋಗಬೇಕಾದರೂ ಕಾರು ಬೇಕು, ಕಾರಿಗೆ ಮಗ ಬೇಕು. ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುತ್ತಿದ್ದವರು ಅಲ್ಲಿ ತೊಳೆಯುವ ಯಂತ್ರದ ಗುಂಡಿಯನ್ನೂ ಕೇಳಿ ಒತ್ತಬೇಕು. ಇಂಥ ದಂಪತಿಗಳಿಗೆ, ಬೆಂಗಳೂರಿನಲ್ಲಿ ಬೆಳಗಿನ ಏಳು ಗಂಟೆಗೆ ಆರಂಭವಾಗುವ ಪಾಠವು ಅಮೆರಿಕದ ಪೂರ್ವತೀರದಲ್ಲಿ ಚಳಿಗಾಲದ ಹಿಂದಿನ ರಾತ್ರಿ ಎಂಟೂವರೆಗೆ ಕೇಳಿಸುವುದೆಂದರೆ, ಅದು ಕೇವಲ ಪಾಠವಾಗಿ ಉಳಿಯುವುದಿಲ್ಲ. ಕುಮಾರವ್ಯಾಸನ ಗಮಕವನ್ನೋ ಸಂಸ್ಕೃತ ಸಂಭಾಷಣೆಯನ್ನೋ ಕೇಳುವ ಆ ಒಂದು ಗಂಟೆಯಲ್ಲಿ ಅವರು ಯಾರ ಆಶ್ರಿತರೂ ಅಲ್ಲ. ತಮ್ಮ ಹೆಸರಿನಿಂದ ಕರೆಯಲ್ಪಡುವ ಸ್ವತಂತ್ರ ವಿದ್ಯಾರ್ಥಿಗಳು.

ಹಾಗೆ ನೋಡಿದರೆ, ಕನ್ನಡ ನಾಡಿನಲ್ಲಿ ವಯಸ್ಕರ ವಿದ್ಯಾಭ್ಯಾಸವು ಹೊಸದೇನೂ ಅಲ್ಲ. ಸಂಜೆಯ ಹೊತ್ತು ಜಗಲಿಯ ಮೇಲೆ ಒಬ್ಬರು ಭಾರತವನ್ನೋ ಜೈಮಿನಿಯನ್ನೋ ರಾಗವಾಗಿ ವಾಚಿಸುವುದು, ಮತ್ತೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರೂ ಕೇಳಿ ಕೇಳಿ ಪಂಡಿತರಿಗೆ ಸಮನಾಗುವುದು ಇವು ಹಳ್ಳಿಹಳ್ಳಿಗಳಲ್ಲಿ ನಡೆದುಬಂದ ಪದ್ಧತಿಗಳು. ಅಲ್ಲಿ ವ್ಯಾಖ್ಯಾನಕಾರರು ತಪ್ಪಿದರೆ ತಿದ್ದುವ ವೃದ್ಧರಿರುತ್ತಿದ್ದರು; ಒಪ್ಪದಿದ್ದರೆ ಎದ್ದು ಕೇಳುವವರಿರುತ್ತಿದ್ದರು; ಕಥೆ ನಿಂತ ಮೇಲೆ ಎಲೆ ಅಡಿಕೆಯೊಡನೆ ಅದರ ಚರ್ಚೆ ಅರ್ಧ ರಾತ್ರಿಯವರೆಗೆ ಸಾಗುತ್ತಿತ್ತು. ಗುರುವಿನ ಪಾಲು ವಾಚನದಲ್ಲಿಯೂ ಸಹಪಾಠಿಗಳ ಪಾಲು ಎಲೆ ಅಡಿಕೆಯಲ್ಲಿಯೂ ಇತ್ತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇಲ್ಲಿಯೇ ಇಂದಿನ ಏರ್ಪಾಡಿನ ಕೊರತೆಯನ್ನು ಗುರುತಿಸಬೇಕು. ಗುರುವಿನ ಪಾಲನ್ನು ತಂದು ಕೊಡುವುದರಲ್ಲಿ ಯಂತ್ರಕ್ಕೆ ಸಮಾನವಾದುದಿಲ್ಲ. ಭಾರತ ಸರಕಾರವು 2017ರಲ್ಲಿ ಆರಂಭಿಸಿದ ಸ್ವಯಂ ಎಂಬ ವ್ಯವಸ್ಥೆಯಲ್ಲಿ ದೊಡ್ಡ ವಿದ್ಯಾಸಂಸ್ಥೆಗಳ ಪಾಠಗಳನ್ನು ಯಾವ ವಯಸ್ಸಿನವರಾದರೂ ಉಚಿತವಾಗಿ ಕೇಳಬಹುದು. ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆಯುವವರಿಗೆ ಮಾತ್ರ ಶುಲ್ಕ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಮನೆಯಲ್ಲಿದ್ದೇ ಓದುವವರಿಗೆ ಪದವಿಯ ದಾರಿಯನ್ನು ತೋರಿಸಿದೆ. ಯೂಟ್ಯೂಬಿನಲ್ಲಿ ಉಪನಿಷತ್ತಿನಿಂದ ಖಗೋಳಶಾಸ್ತ್ರದವರೆಗೆ ಕೇಳಿ ಮುಗಿಯದಷ್ಟು ಉಪನ್ಯಾಸಗಳಿವೆ. ಹೀಗೆ ಗುರುವಿನ ಪಾಲು ನದಿಯಂತೆ ಹರಿಯುತ್ತಿರುವಾಗ, ಸಹಪಾಠಿಗಳ ಪಾಲು ಅಷ್ಟಕ್ಕಷ್ಟೇ ಒಣಗುತ್ತಿರುವುದನ್ನು ಯಾರೂ ಗಮನಿಸುವಂತೆ ಕಾಣುವುದಿಲ್ಲ. ದಿನಕ್ಕೆ ಮೂರು ಉಪನ್ಯಾಸಗಳನ್ನು ಕೇಳಿ, ಒಂದು ವರುಷದಲ್ಲಿ ಸಾವಿರ ಉಪನ್ಯಾಸಗಳನ್ನು ಮುಗಿಸಿ, ಅವುಗಳಲ್ಲಿ ಒಂದರ ವಿಷಯವಾಗಿಯೂ ಮತ್ತೊಬ್ಬರೊಡನೆ ಒಂದು ಮಾತನ್ನೂ ಆಡದ ವೃದ್ಧರು ಇಂದು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ತಿಳಿವಳಿಕೆ ಹೆಚ್ಚಿರಬಹುದು; ಒಂಟಿತನವು ಕಡಮೆಯಾಗಿರುವುದಿಲ್ಲ.

ಸಹಪಾಠಿಯೆಂದರೆ ಪಕ್ಕದಲ್ಲಿ ಕುಳಿತವನೆಂದಷ್ಟೇ ಅರ್ಥವಲ್ಲ. ತನಗೆ ತಿಳಿಯದುದನ್ನು ನಾಚಿಕೆಯಿಲ್ಲದೆ ಕೇಳಬಹುದಾದವನು, ತನಗೆ ತಿಳಿದುದನ್ನು ಕೇಳುವುದಕ್ಕೆ ಬೇಕಾದವನು, ತಾನು ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವವನು ಸಹಪಾಠಿ. ಈ ಮೂರರಲ್ಲಿ ಎರಡನೆಯದು ಮುಪ್ಪಿನಲ್ಲಿ ಅತ್ಯಂತ ಅವಶ್ಯಕ. ನಿವೃತ್ತರಾದವರಿಗೆ ಹೇಳಿಕೊಡುವವರು ಎಲ್ಲೆಡೆಯೂ ಇದ್ದಾರೆ: ವೈದ್ಯರು ಆಹಾರದ ವಿಷಯವನ್ನೂ, ಬ್ಯಾಂಕಿನವರು ಹಣದ ವಿಷಯವನ್ನೂ, ಮಕ್ಕಳು ಮಿಕ್ಕೆಲ್ಲ ವಿಷಯಗಳನ್ನೂ ಹೇಳಿಕೊಡುವರು. ಅವರಿಂದ ಕೇಳಿ ತಿಳಿಯಬೇಕೆನ್ನುವವರು ಮಾತ್ರ ದಿನದಿನಕ್ಕೆ ಕಡಮೆಯಾಗುವರು. ನಲವತ್ತು ವರುಷ ಕಾಲುವೆಗಳ ಲೆಕ್ಕವನ್ನು ಇಟ್ಟವರು, ಹೆರಿಗೆಯ ಆಸ್ಪತ್ರೆಯಲ್ಲಿ ಸಾವಿರ ಮಕ್ಕಳನ್ನು ಎತ್ತಿದವರು, ತಮ್ಮಲ್ಲಿರುವುದನ್ನು ಯಾರೂ ಕೇಳದೆ ಹೋಗುವರು. ಇಂಗ್ಲೆಂಡಿನವರು ಸದಸ್ಯರೇ ಸದಸ್ಯರಿಗೆ ಕಲಿಸಬೇಕೆಂದು ನಿಯಮವಿಟ್ಟಾಗ ಈ ದುಃಖದ ಬೇರನ್ನೇ ಮುಟ್ಟಿದರು. ವೃದ್ಧರನ್ನು ಶ್ರೋತೃಗಳನ್ನಾಗಿ ಮಾತ್ರ ಮಾಡುವ ಪಾಠವು ಎಷ್ಟು ಶ್ರೇಷ್ಠವಾಗಿದ್ದರೂ ಅವರಿಗೆ ಅರ್ಧ ಉಪಕಾರವನ್ನೇ ಮಾಡುವುದು.

ಮೂರನೆಯ ಲಕ್ಷಣದ ವಿಷಯವನ್ನು ಹೇಳಲು ಸ್ವಲ್ಪ ಸಂಕೋಚವಾಗುವುದಾದರೂ ಹೇಳದೆ ಇರಲಾಗದು. ಬಾಲಕರ ತರಗತಿಯಲ್ಲಿ ಒಬ್ಬನು ಬಾರದಿದ್ದರೆ ಜ್ವರವೋ ಜಾತ್ರೆಯೋ ಕಾರಣವಾಗಿರುವುದು. ವೃದ್ಧರ ತರಗತಿಯಲ್ಲಿ ಬರಿದಾದ ಸ್ಥಳಕ್ಕೆ ಬೇರೆ ಅರ್ಥವಿರಬಹುದು. ಕೋಣೆಯಲ್ಲಿ ಕೂಡುವ ಕೂಟದಲ್ಲಿ ಬರಿಯ ಕುರ್ಚಿಯು ತಾನೇ ಮಾತನಾಡುವುದು; ಪಕ್ಕದವರು ನೋಡುವರು, ವಿಚಾರಿಸುವರು, ಸಂಜೆ ಮನೆಗೆ ಹೋಗಿ ಬರುವರು. ಪರದೆಯ ಮೇಲೆ ಕುರ್ಚಿಯಿಲ್ಲ. ಒಂದು ಚೌಕ ಕಡಮೆಯಾದರೆ ಉಳಿದ ಚೌಕಗಳು ತಾವಾಗಿಯೇ ಸರಿದು ಆ ಸ್ಥಳವನ್ನು ತುಂಬಿಬಿಡುವುವು. ಮೂವತ್ತು ಮುಖಗಳಿದ್ದಲ್ಲಿ ಇಪ್ಪತ್ತೊಂಬತ್ತು ಇರುವುದು ಯಾರ ಕಣ್ಣಿಗೂ ಬೀಳದು. ಎರಡು ವರುಷ ಜೊತೆಯಲ್ಲಿ ರಘುವಂಶವನ್ನು ಓದಿದವರೊಬ್ಬರು ಇಲ್ಲವಾದುದು ಮೂರು ತಿಂಗಳ ಮೇಲೆ ಯಾರಿಂದಲೋ ತಿಳಿಯಿತೆಂದರೆ, ಆ ಓದು ಜೊತೆಯ ಓದಾಗಿರಲಿಲ್ಲವೆಂದೇ ಹೇಳಬೇಕಾಗುವುದು.

ಇದು ಯಂತ್ರದ ದೋಷವೆಂದು ಹೇಳಿ ಯಂತ್ರವನ್ನು ಬಿಡುವುದು ಸರಿಯಲ್ಲ. ಸಹಪಾಠಿಗಳ ಪಾಲನ್ನು ಯಂತ್ರದ ಮೂಲಕವೂ ಬಹುಮಟ್ಟಿಗೆ ಪಡೆಯಬಹುದು. ಅದಕ್ಕೆ ಬೇಕಾದುದು ಕೆಲವು ಸಣ್ಣ ನಿಯಮಗಳು. ಕೂಟವು ಹತ್ತು ಹದಿನೈದು ಜನಕ್ಕೆ ಮೀರದಿದ್ದರೆ ಒಬ್ಬೊಬ್ಬರ ಹೆಸರೂ ಎಲ್ಲರಿಗೂ ತಿಳಿದಿರುವುದು. ಪಾಠಕ್ಕೆ ಹತ್ತು ನಿಮಿಷ ಮೊದಲೇ ಬಾಗಿಲು ತೆರೆದರೆ, ಮಂಡಿನೋವು, ಮಳೆ, ಮೊಮ್ಮಗನ ಮುಂಜಿ ಇವುಗಳ ಮಾತಿಗೆ ಎಡೆ ದೊರೆಯುವುದು. ಇದನ್ನು ಕಾಲಹರಣವೆಂದು ತಿಳಿಯಬಾರದು. ಎಲೆ ಅಡಿಕೆಯ ಸ್ಥಾನದಲ್ಲಿ ಈಗ ಉಳಿದಿರುವುದು ಇದೊಂದೇ. ಪ್ರತಿ ಸಲವೂ ಒಬ್ಬ ವಿದ್ಯಾರ್ಥಿಯು ಸರದಿಯಂತೆ ಕಾಲು ಗಂಟೆ ತಾನೇ ಪಾಠ ಹೇಳಲಿ. ವಿಷಯವು ಕಾಳಿದಾಸನೇ ಆಗಬೇಕೆಂದಿಲ್ಲ, ತಾನು ನೋಡಿಕೊಂಡ ಕೆರೆಯ ತೂಬಾದರೂ ಸರಿ. ಎರಡೆರಡು ಮಂದಿಯನ್ನು ಜೊತೆಮಾಡಿ, ಬಾರದವರಿಗೆ ಜೊತೆಗಾರರು ಅದೇ ದಿನ ಫೋನು ಮಾಡತಕ್ಕದ್ದೆಂದು ಗೊತ್ತುಮಾಡಿದರೆ ಯಾರ ಚೌಕವೂ ತಿಳಿಯದೆ ಮಾಯವಾಗದು.

ಇನ್ನು ಒಂದೆರಡು ಆಕ್ಷೇಪಗಳಿಗೆ ಸಮಾಧಾನವನ್ನು ಹೇಳಬೇಕು. ಮೊಬೈಲಿನ ಮೂಲಕ ಮೋಸಗಾರರೂ ಬರುವರಲ್ಲವೇ ಎಂದು ಮಕ್ಕಳು ಅಂಜುವುದು ನ್ಯಾಯವೇ. ಡಿಜಿಟಲ್ ಅರೆಸ್ಟ್ ಎಂಬ ಹೆಸರಿನಲ್ಲಿ ಪೊಲೀಸರ ವೇಷ ಹಾಕಿ ವೃದ್ಧರ ಜೀವಮಾನದ ಉಳಿತಾಯವನ್ನು ದೋಚಿದ ವಾರ್ತೆಗಳು 2024ರಿಂದೀಚೆಗೆ ಪತ್ರಿಕೆಗಳಲ್ಲಿ ಹೇರಳವಾಗಿ ಬಂದಿವೆ. ಆದರೆ ಆ ಮೋಸಕ್ಕೆ ಆಸ್ಪದವಾಗುವುದು ಬಹುಮಟ್ಟಿಗೆ ಕೇಳುವವರಿಲ್ಲದ ಒಂಟಿತನ. ಮೋಸಗಾರನ ಮೊದಲನೆಯ ಅಪ್ಪಣೆಯೇ ಯಾರಿಗೂ ಹೇಳಬೇಡ ಎಂಬುದು. ವಾರಕ್ಕೆರಡು ಸಲ ಹತ್ತು ಜನ ಸಮವಯಸ್ಕರನ್ನು ಕಾಣುವವರಿಗೆ ಹೇಳಿಕೊಳ್ಳುವ ಸ್ಥಳವಿರುವುದರಿಂದ, ತರಗತಿಯು ಒಂದು ರಕ್ಷೆಯೂ ಆಗುವುದು. ಕಲಿತುದೆಲ್ಲ ಮರೆತುಹೋಗುವುದಲ್ಲವೇ ಎಂದು ಕೆಲವರು ಕೇಳುವರು. ಪರೀಕ್ಷೆಗಾಗಿ ಓದಿದ ಹುಡುಗರು ಪರೀಕ್ಷೆಯ ಮಾರನೆಯ ದಿನ ಎಷ್ಟನ್ನು ನೆನಪಿನಲ್ಲಿಟ್ಟಿರುವರೆಂಬುದು ಉಪಾಧ್ಯಾಯ ವೃತ್ತಿಯವರಿಗೆಲ್ಲ ತಿಳಿದ ವಿಷಯ. ಮರೆಯುವುದು ವಯಸ್ಸಿನ ಸ್ವತ್ತಲ್ಲ. ನಿನ್ನೆ ಓದಿದ ಶ್ಲೋಕವು ಇಂದು ಮರೆತಿದ್ದರೆ ಇಂದು ಅದನ್ನು ಮತ್ತೆ ಹೊಸದಾಗಿ ಓದುವ ಸಂತೋಷವೊಂದು ವೃದ್ಧರಿಗೆ ಲಾಭ.

2011ರ ಜನಗಣತಿಯಂತೆ ಅರವತ್ತು ದಾಟಿದವರ ಸಂಖ್ಯೆ ಭಾರತದಲ್ಲಿ ಹತ್ತು ಕೋಟಿಯನ್ನು ಮೀರಿತ್ತು. ಅನಂತರ ಅದು ಬೆಳೆದಿರುವುದೇ ಹೊರತು ಇಳಿದಿಲ್ಲ. ಇವರಲ್ಲಿ ಓದುಬರಹ ಬಲ್ಲವರೂ, ಆಸೆಯಿದ್ದು ಅಕ್ಷರ ದೊರೆಯದವರೂ ಇಬ್ಬರೂ ಇದ್ದಾರೆ. ಎಲ್ಲರಿಗೂ ವಿಶ್ವವಿದ್ಯಾನಿಲಯಗಳನ್ನು ಕಟ್ಟುವುದು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ತಾಲ್ಲೂಕಿನ ವಾಚನಾಲಯದಲ್ಲಿ ಒಂದು ಕೋಣೆ, ಒಂದು ದೊಡ್ಡ ಪರದೆ, ಗುಂಡಿ ಒತ್ತಲು ತಿಳಿದ ಒಬ್ಬ ಹುಡುಗ ಇಷ್ಟಿದ್ದರೆ ದೂರದ ಪಂಡಿತರ ಪಾಠವನ್ನು ನಡೆಯಬಲ್ಲವರು ಒಟ್ಟಿಗೆ ಕುಳಿತು ಕೇಳಬಹುದು. ನಡೆಯಲಾರದವರು ತಮ್ಮ ಮನೆಯಿಂದಲೇ ಅದೇ ಕೊಂಡಿಯನ್ನು ಒತ್ತಿ ಅದೇ ಕೋಣೆಯನ್ನು ಸೇರಬಹುದು. ಪಾಠ ಮುಗಿದ ಮೇಲೆ ಪರದೆಯನ್ನು ಆರಿಸದೆ ಅರ್ಧ ಗಂಟೆ ಹಾಗೆಯೇ ಬಿಟ್ಟರೆ, ಮನೆಯಲ್ಲಿರುವವರೂ ಕೋಣೆಯಲ್ಲಿರುವವರೂ ಕೂಡಿ ಮಾತನಾಡಬಹುದು. ಜಿಲ್ಲೆಯ ಸಾಹಿತ್ಯ ಸಂಘಗಳಿಗೆ ಇದು ಮೀರಿದ ವೆಚ್ಚವೂ ಅಲ್ಲ, ಮೀರಿದ ಶ್ರಮವೂ ಅಲ್ಲ. ಗುರುವಿನ ಪಾಲು ಆಕಾಶಮಾರ್ಗದಿಂದ ಎಲ್ಲಿಗೆ ಬೇಕಾದರೂ ಬರುವ ಕಾಲವಿದು. ಸಹಪಾಠಿಗಳ ಪಾಲನ್ನು ಮಾತ್ರ ಆಯಾ ಊರಿನವರೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು.